ಮಾಷ್ಟ್ರ ಉತ್ತರ: ಕಟ್ಟದ ಲೆಕ್ಕ, ಉರುಕಿನ ಲೆಕ್ಕ

ಈ ತಿಂಗಳು ಬಂದ ಕಾಗದಗಳಲ್ಲಿ ಹೆಚ್ಚಿನವು ಪ್ರಾಚೀನ ನಾಗರಿಕತೆಗಳ ಬಗ್ಗೆ. ಮಕ್ಕಳ ಪಾಠ ಅಲ್ಲಿಗೆ ಬಂದಿರಬೇಕು, ಅವರ ಜೊತೆ ಮನೆಯವರೂ ಕೇಳಿದ್ದಾರೆ. ಪುಟದಲ್ಲಿ ಜಾಗ ಇರುವಷ್ಟಕ್ಕೆ ಉತ್ತರ ಬರೆದಿದ್ದೇನೆ.

ಮಾಷ್ಟ್ರೇ, ಪುಸ್ತಕದಲ್ಲಿ ನೈಲ್, ಟೈಗ್ರಿಸ್, ಸಿಂಧೂ ಅಂತ ಉಂಟು. ನಮ್ಮಲ್ಲಿ ಅಲ್ಲಿಗಿಂತ ಎಷ್ಟೋ ಹೆಚ್ಚು ಮಳೆ ಬೀಳ್ತದೆ, ಹೊಳೆಯೂ ಉಂಟು. ಮತ್ತೆ ಇಲ್ಲಿ ಯಾಕೆ ನಾಗರಿಕತೆ ಹುಟ್ಟಲಿಲ್ಲ?
— 8ನೇ ತರಗತಿಯ ವಿದ್ಯಾರ್ಥಿನಿ, ಪೆರ್ಲ

ಮಗೂ, ಅರ್ಧ ಉತ್ತರ ನಿನ್ನ ಪ್ರಶ್ನೆಯೊಳಗೇ ಉಂಟು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಸುಮೇರಿಯನ್ನರು ಬಾಳಿದ ದಕ್ಷಿಣ ಇರಾಕಿನಲ್ಲಿ 200 ಮಿಲಿಮೀಟರ್ ಕೂಡ ಇಲ್ಲ. ಅಷ್ಟು ಮಳೆ ನೆಚ್ಚಿಕೊಂಡು ಬಾರ್ಲಿ ಬೆಳೆಯಲು ಆಗುವುದಿಲ್ಲ. ಹೊಳೆಯಿಂದ ಕಾಲುವೆ ತೋಡಿದರೆ ಮಾತ್ರ ಊಟ. ನೈಲ್ ನದಿಯವರು ಈ ವಿಷಯದಲ್ಲಿ ಪುಣ್ಯವಂತರು. ಅವರಿಗೆ ನೆರೆ ಬರುವುದು ಜುಲೈಯಿಂದ ಅಕ್ಟೋಬರಿನೊಳಗೆ, ನೀರು ಇಳಿದ ಮೇಲೆ ಹಸಿ ಕೆಸರಿಗೆ ಬೀಜ ಎರಚಿದರೆ ಆಯಿತು. ಸುಮೇರಿಯನ್ನರ ಟೈಗ್ರಿಸ್, ಯೂಫ್ರೆಟಿಸ್‌ಗಳು ಉಕ್ಕುವುದು ಎಪ್ರಿಲ್, ಮೇ ತಿಂಗಳಲ್ಲಿ. ಆಗ ಗದ್ದೆಯಲ್ಲಿ ತೆನೆ ಬಲಿತು ನಿಂತಿರುತ್ತದೆ. ಬಿತ್ತುವಾಗ ನೀರಿಲ್ಲ, ಕೊಯ್ಯುವಾಗ ನೆರೆ. ಒಡ್ಡು ಹಾಕಬೇಕು, ಕಾಲುವೆಯ ಹೂಳು ತೆಗೆಯಬೇಕು, ನೀರು ಮೇಲಿನವನಿಗೆ ಎಷ್ಟು ಕೆಳಗಿನವನಿಗೆ ಎಷ್ಟು ಎಂದು ಹಂಚಬೇಕು. ಇದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಆ ಬಯಲಿನಲ್ಲಿ ಕಲ್ಲಿಲ್ಲ, ಒಳ್ಳೆಯ ಮರವಿಲ್ಲ, ತಾಮ್ರವಿಲ್ಲ. ಅದನ್ನೆಲ್ಲ ದೂರದಿಂದ ತರಿಸಬೇಕಾದರೆ ಬದಲಿಗೆ ಕೊಡಲು ಧಾನ್ಯವೋ ಬಟ್ಟೆಯೋ ಕೈಯಲ್ಲಿ ಇರಬೇಕು. ಹಾಗೆ ಜನ ಒಂದೆಡೆ ಒತ್ತಾಗಿ ಸೇರಿದರು.

ನಮ್ಮ ಕಡೆ ಹೇಗೆ ಎಂದು ನಿನಗೇ ಗೊತ್ತು. ಗುಡ್ಡದ ಬುಡಕ್ಕೊಂದು ಮನೆ, ಅದಕ್ಕೊಂದು ತೋಡು (ಸಣ್ಣ ಹೊಳೆ) ಅಥವಾ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ತೋಡಿದ ಸುರಂಗ. ಒಬ್ಬರ ಅಂಗಳದಿಂದ ಕೂಗಿದರೆ ಇನ್ನೊಬ್ಬರಿಗೆ ಕೇಳದಷ್ಟು ದೂರ. ಹಲಸು, ಕೆಸು, ಕಾಡಿನ ಗೆಡ್ಡೆ ತಿಂದು ಮಳೆಗಾಲದ ಆಟಿ ತಿಂಗಳು ದಾಟಿಸಿದ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೆಡ್ಡೆಯನ್ನು ಮಣ್ಣಿನಲ್ಲೇ ಬಿಟ್ಟು ಬೇಕಾದಾಗ ಅಗೆಯಬಹುದು, ಯಾವ ಅಧಿಕಾರಿಯೂ ಬಂದು ಅದನ್ನು ಅಳೆದು ಒಯ್ಯಲಾರ. ಬಾರ್ಲಿ, ಗೋಧಿ, ಭತ್ತ ಹಾಗಲ್ಲ. ಎಲ್ಲ ಒಟ್ಟಿಗೆ ಹಣ್ಣಾಗುತ್ತದೆ, ಒಣಗಿಸಿದರೆ ವರ್ಷಗಟ್ಟಲೆ ಉಳಿಯುತ್ತದೆ, ಸೇರಿನಲ್ಲಿ ಅಳೆಯಲು ಬರುತ್ತದೆ. ಕಣಜ, ಕಣಜದ ಕಾವಲು, ಕಣಜದ ಯಜಮಾನ, ಈ ಮೂರೂ ಧಾನ್ಯದ ಬೆನ್ನಿಗೇ ಬಂದವು ಎಂದು ಹೇಳುವ ವಿದ್ವಾಂಸರಿದ್ದಾರೆ. ನನಗೂ ಅದೇ ಸರಿ ಎನಿಸುತ್ತದೆ.

ಮಳೆ ಇದ್ದಲ್ಲಿ ನಗರ ಹುಟ್ಟಲೇ ಇಲ್ಲ ಎಂದು ಮಾತ್ರ ತಿಳಿಯಬೇಡ. ಚೀನಾದ ಯಾಂಗ್ತ್ಸೆ ನದೀಮುಖದ ಬಳಿ, ಈಗಿನ ಹಾಂಗ್‌ಚೌ ನಗರದ ಹತ್ತಿರ, ಲಿಯಾಂಗ್‌ಚು ಎಂಬ ಭತ್ತದ ನಾಡಿತ್ತು. ಸುಮಾರು 5,000 ವರ್ಷಗಳ ಹಿಂದೆ ಅಲ್ಲಿನವರು ಬೆಟ್ಟದಿಂದ ಇಳಿಯುವ ಮಳೆನೀರಿಗೆ ಹನ್ನೊಂದು ಒಡ್ಡುಗಳನ್ನು ಕಟ್ಟಿದ್ದರು. ಹೇಗೆ ಕಟ್ಟಿದರು ಗೊತ್ತೇ? ಜೌಗಿನ ಮಣ್ಣನ್ನು ಉದ್ದದ ಹುಲ್ಲಿನಲ್ಲಿ ಸುತ್ತಿ, ಕಟ್ಟಿ, ಆ ಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಿದರು. ಒಡ್ಡನ್ನು ಕಡಿದು ನೋಡಿದರೆ ಹುಲ್ಲಿನ ಎಳೆ ಈಗಲೂ ಕಾಣುತ್ತದೆ. ನಿಮ್ಮೂರಿನ ಹತ್ತಿರ ಏತಡ್ಕದಲ್ಲಿ ತೋಡಿಗೆ ಕಟ್ಟ (ಒಡ್ಡು) ಹಾಕುವಾಗ ಗೋಣಿಗೆ ಮಣ್ಣು ತುಂಬಿ ಒಟ್ಟುವುದನ್ನು ನೋಡಿದ್ದರೆ, ನೀನು ಲಿಯಾಂಗ್‌ಚುವಿನ ಒಡ್ಡನ್ನು ಹೆಚ್ಚುಕಡಿಮೆ ನೋಡಿದಂತೆಯೇ.

ಇನ್ನೂ ಒಂದು ಮಾತು ಹೇಳಬೇಕು. ನಮ್ಮ ಮುರಕಲ್ಲಿನ (ಕೆಂಪುಕಲ್ಲಿನ) ಹುಳಿ ಮಣ್ಣು, ನಾಲ್ಕು ತಿಂಗಳ ಮಳೆ, ಇವುಗಳ ನಡುವೆ ಮರ, ಮೂಳೆ, ಬಟ್ಟೆ ಯಾವುದೂ ಉಳಿಯುವುದಿಲ್ಲ. ಇರಾಕಿನ ಒಣ ದಿಬ್ಬದಲ್ಲಿ ಉಳಿದಷ್ಟು ಇಲ್ಲಿ ಉಳಿದಿಲ್ಲ ಎಂದ ಮಾತ್ರಕ್ಕೆ ಇಲ್ಲಿ ಜನ ಕೈಕಟ್ಟಿ ಕೂತಿದ್ದರು ಎಂದು ಯಾರಾದರೂ ಹೇಳಿದರೆ ಒಪ್ಪಬೇಡ.

ಗುರುಗಳ, ಬರವಣಿಗಿ ಮೊದಲ ಹುಟ್ಟಿದ್ದು ದೇವರ ಸ್ತೋತ್ರಕ್ಕೋ, ರಾಜರ ಶಾಸನಕ್ಕೋ? ನಮ್ಮ ಮನ್ಯಾಗ ಇದರ ಮ್ಯಾಲ ದೊಡ್ಡ ವಾದ ನಡದೈತ್ರಿ.
— ಒಬ್ಬ ಓದುಗರು, ಜತ್ತ

ಎರಡಕ್ಕೂ ಅಲ್ಲ. ಲೆಕ್ಕಕ್ಕೆ.

ಸುಮೇರಿನ ಉರುಕ್ ನಗರದ ದೇವಾಲಯದ ಆವರಣದಲ್ಲಿ ಜರ್ಮನ್ ಉತ್ಖನನಕಾರರಿಗೆ ಹಸಿಮಣ್ಣಿನಲ್ಲಿ ಗೀರಿ ಒಣಗಿಸಿದ ಹಲಗೆಗಳು ಸಿಕ್ಕಿದವು. ಹಳೆಯವು ಕ್ರಿ.ಪೂ. 3300ರ ಆಸುಪಾಸಿನವು, ಒಟ್ಟು ಸುಮಾರು 5,000. ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡವು ಬಹಳ. ಅದರಲ್ಲಿ ಕವಿತೆಯಿಲ್ಲ, ಯುದ್ಧದ ವರ್ಣನೆಯಿಲ್ಲ. ಇಷ್ಟು ಬಾರ್ಲಿ, ಇಷ್ಟು ಕುರಿ, ಇಷ್ಟು ಕೊಡ ಬಿಯರ್, ಇಂಥವನ ಕೈಯಿಂದ ಬಂತು, ಇಂಥವನಿಗೆ ಹೋಯಿತು, ಅಷ್ಟೇ. ಉಳಿದ ಸ್ವಲ್ಪ ಭಾಗ ಪದಪಟ್ಟಿಗಳು: ಕಸುಬುಗಳ ಹೆಸರು, ಮರಗಳ ಹೆಸರು, ಪಾತ್ರೆಗಳ ಹೆಸರು. ಅಕ್ಷರ ಕಲಿಯುವವರು ಒಂದೇ ಪಟ್ಟಿಯನ್ನು ತಲೆತಲಾಂತರ ನಕಲು ಮಾಡುತ್ತಾ ಬಂದಿದ್ದಾರೆ. 34 ವರ್ಷ ಮಕ್ಕಳಿಗೆ ಕಾಪಿ ಬರೆಸಿದ ನನಗೆ ಆ ಹಲಗೆಗಳ ಚಿತ್ರ ಮೊದಲು ನೋಡಿದಾಗ ಕಣ್ಣು ತುಂಬಿ ಬಂದಿತ್ತು.

ನಮ್ಮ ತಂದೆ ಬಿಟ್ಟು ಹೋದ ಒಂದು ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಕಟ್ಟದ ಲೆಕ್ಕ. ಕಟ್ಟ ಎಂದರೆ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಸಲಕೆ (ಸೀಳಿದ ಅಡಿಕೆ ಮರ) ಹಾಕಿ ಕಟ್ಟುವ ಒಡ್ಡು. ಮುಂದಿನ ಮಳೆಗೆ ಅದು ಹೋಗುತ್ತದೆ, ಮತ್ತೆ ಕಟ್ಟಬೇಕು. ನಮ್ಮ ಕಟ್ಟದ ನೀರು ಏಳು ಮನೆಗಳ ತೋಟಕ್ಕೆ. ಪುಸ್ತಕದ ಎಡಬದಿಯಲ್ಲಿ ಮನೆಯ ಹೆಸರು. ಪಕ್ಕದಲ್ಲಿ ಆ ಮನೆಯಿಂದ ಬಂದ ಆಳಿಗೆ ಒಂದು ಗೀಟು, ನಾಲ್ಕು ಗೀಟಾದ ಮೇಲೆ ಐದನೆಯದು ಅಡ್ಡಕ್ಕೆ. ಸಲಕೆ ಎಷ್ಟು ಕೊಟ್ಟರು ಎಂದು ಕನ್ನಡ ಅಂಕೆಯಲ್ಲಿ. ಬಲಬದಿಯಲ್ಲಿ ನೀರಿನ ಸರದಿ, ಯಾವ ಮನೆಗೆ ಯಾವ ದಿನ, ಬೆಳಗ್ಗೆಯೋ ಮಧ್ಯಾಹ್ನವೋ. ಒಂದು ಮನೆಯ ಎದುರು ಗೀಟೇ ಇಲ್ಲ, ಆದರೆ ನೀರಿನ ಸರದಿ ಉಂಟು. ಬದಿಯಲ್ಲಿ ತಂದೆ ಸಣ್ಣದಾಗಿ ಬರೆದಿದ್ದಾರೆ: "ಬಾಣಂತಿ ಮನೆ." ಇಷ್ಟು ಬರೆದಿಡದಿದ್ದರೆ ಮುಂದಿನ ವರ್ಷ ಕಟ್ಟದ ಹೊತ್ತಿಗೆ ಜಗಳ ಖಂಡಿತ. ಬರವಣಿಗೆ ಯಾಕೆ ಹುಟ್ಟಿತು ಎಂದು ಯಾರು ಕೇಳಿದರೂ ನಾನು ತೋರಿಸುವುದು ಈ ಪುಟವನ್ನೇ.

ಅಕ್ಷರಕ್ಕೂ ಮೊದಲೇ ಲೆಕ್ಕದ ಗುರುತು ಇತ್ತು. ಹತ್ತು ಸಾವಿರ ವರ್ಷಗಳ ಹಿಂದಿನಿಂದಲೂ ಪಶ್ಚಿಮ ಏಷ್ಯಾದಲ್ಲಿ ಮಣ್ಣಿನ ಸಣ್ಣ ಗುಂಡು, ಶಂಕು, ಬಿಲ್ಲೆಗಳು ಸಿಗುತ್ತವೆ. ಇವು ಎಣಿಕೆಯ ಕಾಯಿಗಳು, ಇವುಗಳ ಆಕಾರವೇ ಮುಂದೆ ಹಲಗೆಯ ಮೇಲೆ ಒತ್ತಿದ ಚಿಹ್ನೆಯಾಯಿತು ಎಂದು ಡೆನಿಸ್ ಶ್ಮಾಂಟ್–ಬೆಸೆರಾಟ್ ಎಂಬ ವಿದುಷಿ ವಾದಿಸಿದರು. ವಾದದ ಎಲ್ಲ ಭಾಗವನ್ನೂ ಎಲ್ಲರೂ ಒಪ್ಪುವುದಿಲ್ಲ, ಆದರೆ ಲೆಕ್ಕ ಮೊದಲು ಎಂಬಲ್ಲಿ ತಕರಾರಿಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ಮನೆಯಲ್ಲಿ ವಾದ ಮಾಡುವಾಗ ಅದನ್ನೂ ಹೇಳಿ. ಉರುಕಿನಲ್ಲಿ ಒರಟಾದ, ಅಂಚು ಓರೆ ಕತ್ತರಿಸಿದ ಮಣ್ಣಿನ ಬೋಗುಣಿಗಳು ರಾಶಿ ರಾಶಿ ಸಿಕ್ಕಿವೆ. ಕೂಲಿಯವರಿಗೆ ದಿನದ ಧಾನ್ಯ ಅಳೆದು ಕೊಡಲು ಎಂದು ಹಲವರು, ರೊಟ್ಟಿಯ ಅಚ್ಚು ಎಂದು ಕೆಲವರು. ಮನುಷ್ಯನ ತಲೆ, ಅದರ ಬಾಯಿಯ ಹತ್ತಿರ ಇಂಥ ಬೋಗುಣಿ, ಇವೆರಡನ್ನು ಸೇರಿಸಿದರೆ "ತಿನ್ನು", "ಪಡಿ" ಎಂಬ ಅರ್ಥದ ಚಿಹ್ನೆ. "ಹೆಣ್ಣು" ಮತ್ತು "ಬೆಟ್ಟ" ಎಂಬ ಎರಡು ಚಿಹ್ನೆ ಸೇರಿದರೆ? ಬೆಟ್ಟದ ಸೀಮೆಯಿಂದ ಹಿಡಿದು ತಂದ ಹೆಣ್ಣು. ಅದರ ಅರ್ಥ ದಾಸಿ. ಅವಳೂ ಕುರಿ, ಬಾರ್ಲಿಗಳ ಹಾಗೆ ಹಲಗೆಯ ಮೇಲೆ ಒಂದು ಸಂಖ್ಯೆ.

ಪಿರಮಿಡ್ ಕಟ್ಟಿದವರು ಗುಲಾಮರೇ?
— ಪದವಿ ವಿದ್ಯಾರ್ಥಿ, ಹೊಸೂರು

ಈಜಿಪ್ಟಿನ ಗೀಜಾದಲ್ಲಿ ಕೆಲಸಗಾರರ ಊರನ್ನೇ ಅಗೆದು ನೋಡಿದ್ದಾರೆ. ರೊಟ್ಟಿ ಬೇಯಿಸಿದ ಜಾಗ, ತಿಂದು ಬಿಟ್ಟ ದನ, ಆಡುಗಳ ಮೂಳೆ ಸಿಕ್ಕಿವೆ. ಸತ್ತ ಕೆಲಸಗಾರರಿಗೆ ಪಿರಮಿಡಿನ ಪಕ್ಕದಲ್ಲೇ ಸಮಾಧಿ ಕಟ್ಟಿದ್ದಾರೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್–ಜರ್ಫ್ ಎಂಬಲ್ಲಿ ಮೇರೆರ್ ಎಂಬ ಮೇಸ್ತ್ರಿಯ ದಿನಚರಿ ಪಪೈರಸ್ ಹಾಳೆಯಲ್ಲಿ ಸಿಕ್ಕಿತು. ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫು ದೊರೆಯ ಕಾಲದ್ದು, ಎಂದರೆ 4,500 ವರ್ಷಕ್ಕೂ ಹಳೆಯದು. ಸುಮಾರು 40 ಜನರ ತಂಡ ಕಟ್ಟಿಕೊಂಡು ತುರಾದ ಗಣಿಯಿಂದ ಸುಣ್ಣದಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದ್ದನ್ನು ದಿನದಿನವೂ ಬರೆದಿದ್ದಾನೆ. ಸರಕಾರದ ಕಟ್ಟಾಜ್ಞೆಯ ಕೆಲಸ ಅದು, ಬರುವುದಿಲ್ಲ ಎನ್ನಲು ಆಗುತ್ತಿರಲಿಲ್ಲ. ಆದರೆ ಕೊರಳಿಗೆ ಸರಪಳಿ ಹಾಕಿ ಚಾಟಿಯಲ್ಲಿ ಹೊಡೆಯುವ ಸಿನಿಮಾದ ಚಿತ್ರ ಮನಸ್ಸಿನಿಂದ ತೆಗೆದುಹಾಕಿ.

ಮಾಷ್ಟ್ರೇ, ಎಲ್ಲ ಕಡೆ ಬೇಸಾಯ, ಬೇಸಾಯ ಅಂತ ಬರೀತೀರಿ. ಕಡಲನ್ನು ನಂಬಿದವರಿಂದ ಏನೂ ಆಗಲಿಲ್ಲವಾ?
— ಮೀನುಗಾರ ಕುಟುಂಬದ ಓದುಗರು, ಮಂಜೇಶ್ವರ

ಆಗಿದೆ. ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಲಿಮಾ ನಗರದ ಉತ್ತರಕ್ಕೆ, ಸೂಪೆ ಕಣಿವೆಯಲ್ಲಿ ಕರಾಲ್ ಎಂಬ ಹಾಳೂರು ಇದೆ. ಕ್ರಿ.ಪೂ. 2600ರ ಹೊತ್ತಿಗೆ ಅಲ್ಲಿ ದೊಡ್ಡ ದೊಡ್ಡ ಪಿರಮಿಡ್ ದಿಬ್ಬಗಳು, ವೃತ್ತಾಕಾರದ ಅಂಗಳಗಳು ಇದ್ದವು. ಮಡಕೆ ಮಾಡಲು ಮಾತ್ರ ಅವರಿಗೆ ಇನ್ನೂ ಬರುತ್ತಿರಲಿಲ್ಲ! ಊರು ಕಡಲಿನಿಂದ 23 ಕಿಲೋಮೀಟರ್ ಒಳಗಿದೆ. ಆದರೂ ಕಸದ ಗುಂಡಿಯಲ್ಲಿ ಸಿಕ್ಕಿದ್ದು ಮೀನಿನ ಮೂಳೆ, ನಮ್ಮ ಬೂತಾಯಿ, ನೆತ್ತೋಲಿಗಳ ಬಳಗದ ಸಣ್ಣ ಮೀನುಗಳದ್ದು. ಒಳನಾಡಿನವರು ಹತ್ತಿ ಬೆಳೆದರು, ಆ ಹತ್ತಿಯ ನೂಲಿನಿಂದ ಕಡಲಬದಿಯವರ ಬಲೆಯಾಯಿತು, ಬಲೆಗೆ ಬಿದ್ದ ಮೀನು ಒಳನಾಡಿಗೆ ಹೋಯಿತು. ರೂತ್ ಶಾಡಿ ಎಂಬ ಪೆರುವಿನ ಪುರಾತತ್ತ್ವಜ್ಞೆ ದಶಕಗಟ್ಟಲೆ ಅಲ್ಲಿ ಅಗೆದು ಇದನ್ನು ಲೋಕಕ್ಕೆ ತೋರಿಸಿಕೊಟ್ಟರು. ಒಣಗಿಸಿದ ಸಣ್ಣ ಮೀನೂ ಧಾನ್ಯದ ಹಾಗೆಯೇ. ಕೆಡುವುದಿಲ್ಲ, ಅಳೆಯಲು ಬರುತ್ತದೆ, ಹೊತ್ತುಕೊಂಡು ಹೋಗಬಹುದು. ಮೇಲಿನ ವಿದ್ಯಾರ್ಥಿನಿಗೆ ಕೊಟ್ಟ ಉತ್ತರವನ್ನು ಇದರ ಜೊತೆ ಸೇರಿಸಿ ಓದಿ.

ಮೇಷ್ಟ್ರೇ, ನಮ್ಮ ಸೀಮೆಯಲ್ಲಿ ಅಲ್ಲಲ್ಲಿ ಬೂದಿ ದಿಬ್ಬಗಳಿವೆ. ರಾಕ್ಷಸರನ್ನು ಸುಟ್ಟ ಬೂದಿ ಅಂತ ಹಿರಿಯರು ಹೇಳ್ತಾರೆ. ನಿಜವಾಗಿ ಅದೇನು?
— ಶಿಕ್ಷಕಿ, ರಾಯದುರ್ಗ

ತಾಯಿ, ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮ ಎನ್ನುತ್ತಾರೆ. ಕಥೆ ಹೇಳಿದವರು ಒಂದು ಸಂಗತಿಯನ್ನು ಸರಿಯಾಗಿಯೇ ಗುರುತಿಸಿದ್ದರು, ಅದು ಬೂದಿ. ಯಾವುದರ ಬೂದಿ? ಸಗಣಿಯದು. ಬಳ್ಳಾರಿಯ ಕುಡುತಿನಿ, ನಿಮ್ಮ ಅನಂತಪುರ ಕಡೆಯ ಪಾಲವಾಯಿ, ತೆಲಂಗಾಣದ ಉಟ್ನೂರು, ಸುರಪುರದ ಬೂದಿಹಾಳ, ಎಲ್ಲವೂ ನವಶಿಲಾಯುಗದ ದನಗಾಹಿಗಳ ಕೊಟ್ಟಿಗೆಗಳಿದ್ದ ಜಾಗ. 1950ರ ದಶಕದ ಕೊನೆಯಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಉಟ್ನೂರನ್ನು ಅಗೆದಾಗ ಬೂದಿಯ ಪದರದ ನಡುವೆ ದನಗಳ ಗೊರಸಿನ ಗುರುತು ಹಾಗೆಯೇ ಒತ್ತಿ ನಿಂತಿತ್ತು. ಕಂಬ ನೆಟ್ಟು ಬೇಲಿ ಹಾಕಿದ ಕುಳಿಗಳೂ ಸಿಕ್ಕಿದವು. ಸಗಣಿ ಆಳೆತ್ತರ ಕೂಡಿಕೊಂಡಾಗ ಅದಕ್ಕೆ ಬೆಂಕಿ ಹಾಕುತ್ತಿದ್ದರು. ಕೆಲವೆಡೆ ಆ ಕಾವಿಗೆ ಬೂದಿಯೇ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಮತ್ತೆ ಮತ್ತೆ ಸುಟ್ಟಿದ್ದು ಚೊಕ್ಕಟ ಮಾಡಲೋ, ದನದ ಹಬ್ಬಕ್ಕೋ ಎಂಬ ಚರ್ಚೆ ಇದೆ. ದೀಪಾವಳಿ, ಸಂಕ್ರಾಂತಿಗಳಲ್ಲಿ ದನವನ್ನು ಬೆಂಕಿ ಹಾಯಿಸುವವರ ನಾಡಿನಲ್ಲಿ ಇದ್ದುಕೊಂಡು ನಾನು ಎರಡನೆಯದನ್ನು ತಳ್ಳಿಹಾಕಲಾರೆ.

ಇವುಗಳಲ್ಲಿ ಹಳೆಯವು ಕ್ರಿ.ಪೂ. 3000ದಷ್ಟು ಹಿಂದಿನವು. ಉರುಕಿನಲ್ಲಿ ಹಲಗೆ ಗೀರುತ್ತಿದ್ದ ಕಾಲಕ್ಕೆ ಹೆಚ್ಚು ದೂರವಲ್ಲ. ಅದೇ ಜನ, ಅವರ ಮಕ್ಕಳು, ಹುರುಳಿ, ಹೆಸರು, ಕೊರಲೆ ಬೆಳೆದರು. ಬಳ್ಳಾರಿಯ ಸಂಗನಕಲ್ಲಿನಂಥ ಕಡೆ ಸುಟ್ಟು ಕರಿಯಾದ ಕಾಳುಗಳೇ ಸಾಕ್ಷಿ. ನಗರವಿಲ್ಲ, ಅಕ್ಷರವಿಲ್ಲ, ಆದರೆ ಹುರುಳಿ ಸಾರು ಇವತ್ತಿಗೂ ನಿಮ್ಮ ಮನೆಯಲ್ಲಿ ಕುದಿಯುತ್ತದೆ. ದಯವಿಟ್ಟು ನಿಮ್ಮ ಶಾಲೆಯ ಮಕ್ಕಳನ್ನು ಆ ದಿಬ್ಬಕ್ಕೆ ಕರೆದುಕೊಂಡು ಹೋಗಿ. ಗೊಬ್ಬರಕ್ಕೆಂದು, ರಸ್ತೆಗೆಂದು ಬೂದಿ ತೋಡಿ ಸಾಗಿಸಿ ಎಷ್ಟೋ ದಿಬ್ಬಗಳು ಹಾಳಾದವು. ಊರಿನವರಿಗೇ ಗೊತ್ತಿಲ್ಲದಿದ್ದರೆ ಉಳಿಸುವವರು ಯಾರು?

ಗುರುಗಳ, ಗಡಿ ಜಗಳ ನಮ್ಮ ಕಾಲದ್ದಷ್ಟ ಏನು? ಆಗಿನ ಮಂದೀನೂ ಗಡಿಗಾಗಿ ಬಡದಾಡಿದ್ದರೇನ್ರಿ?
— ಓದುಗರು, ಅಕ್ಕಲಕೋಟ

ಬರಹದಲ್ಲಿ ಉಳಿದ ಅತಿ ಹಳೆಯ ಜಗಳಗಳಲ್ಲಿ ಒಂದು ಗಡಿಯದ್ದೇ. ಸುಮೇರಿನಲ್ಲಿ ಲಗಾಶ್, ಉಮ್ಮಾ ಎಂಬ ಎರಡು ಅಕ್ಕಪಕ್ಕದ ನಗರರಾಜ್ಯಗಳು. ನಡುವೆ ಒಂದು ಫಲವತ್ತಾದ ಭೂಮಿ, ಹೆಸರು ಗು–ಎದಿನ್. ಆ ಹೆಸರಿನ ಅರ್ಥವೇ "ಬಯಲಿನ ಅಂಚು". ಕ್ರಿ.ಪೂ. 2400ರ ಸುಮಾರಿಗೆ ಲಗಾಶಿನ ದೊರೆ ಎಂಟೆಮೆನ ಮಣ್ಣಿನ ಶಂಕುವೊಂದರ ಮೇಲೆ ಇಡೀ ವ್ಯಾಜ್ಯವನ್ನು ಬರೆಸಿದ್ದಾನೆ. ಕೀಶ್ ನಗರದ ದೊರೆ ಮೆಸಿಲಿಮ್ ಮಧ್ಯಸ್ಥನಾಗಿ ಹಗ್ಗ ಹಿಡಿದು ಅಳೆದು ಗಡಿಕಲ್ಲು ನೆಟ್ಟ. ಉಮ್ಮಾದವರು ಆ ಕಲ್ಲು ಕಿತ್ತು ಒಳಗೆ ಬಂದರು. ಲಗಾಶಿನ ಎಯನ್ನಾತುಮ್ ಯುದ್ಧ ಮಾಡಿ ಗೆದ್ದು, ಗಡಿಗುಂಟ ಕಾಲುವೆ ತೋಡಿ, ಕಲ್ಲನ್ನು ಮತ್ತೆ ನಿಲ್ಲಿಸಿದ. ಉಮ್ಮಾದವರ ಮೇಲೆ ಬಾರ್ಲಿಯ ಸಾಲ, ಸಾಲಕ್ಕೆ ಬಡ್ಡಿ, ಬಡ್ಡಿ ಕೊಡಲಾಗದೆ ಕಾಲುವೆಯ ನೀರು ತಿರುಗಿಸಿದ್ದು, ಮತ್ತೆ ಯುದ್ಧ. ತಲೆಮಾರುಗಳ ಕಾಲ ಇದೇ. ಎಯನ್ನಾತುಮನ ವಿಜಯದ ಕಲ್ಲು ಒಡೆದ ಚೂರುಗಳಾಗಿ ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಸತ್ತ ಸೈನಿಕರ ತಲೆಗಳನ್ನು ರಣಹದ್ದುಗಳು ಕಚ್ಚಿಕೊಂಡು ಹಾರುವ ಚಿತ್ರ ಅದರಲ್ಲಿ.

ನಾನು ಹುಟ್ಟಿದ್ದು 1954ರಲ್ಲಿ, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಸರಿಯಾಗಿ ಮಾತು ಬರುವ ಮೊದಲೇ, 1956ರ ನವೆಂಬರ್ 1ಕ್ಕೆ, ನಮ್ಮ ಮನೆ ಇದ್ದಲ್ಲೇ ಇದ್ದು ಕೇರಳವಾಯಿತು. ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಆಗ ನನಗೆ 13 ವರ್ಷ. ಶಾಲೆಯಿಂದ ಓಡಿ ಬಂದು ತಂದೆಗೆ ಹೇಳಿದ್ದೆ. ಅವರು ಕಟ್ಟಕ್ಕೆ ಸಲಕೆ ಸೀಳುತ್ತಿದ್ದರು. ಆ ವರದಿ ಜಾರಿಯಾಗಲಿಲ್ಲ. ಅಕ್ಕಲಕೋಟೆಯ ನಿಮಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂಟೆಮೆನನ ಇನ್ನೊಂದು ಶಾಸನವನ್ನೂ ಹೇಳಿಬಿಡುತ್ತೇನೆ. ಅವನು ಜನರ ಸಾಲ ಮನ್ನಾ ಮಾಡಿ, ಸಾಲಕ್ಕಾಗಿ ಒತ್ತೆಯಾಗಿದ್ದ ಮಕ್ಕಳನ್ನು ತಾಯಿಗೆ, ತಾಯಿಯನ್ನು ಮಕ್ಕಳಿಗೆ ಮರಳಿಸಿದೆ ಎಂದು ಬರೆಸಿದ್ದಾನೆ. ಈ ಬಿಡುಗಡೆಗೆ ಸುಮೇರಿಯನ್ ಭಾಷೆಯಲ್ಲಿ "ಅಮರ್ಗಿ" ಎಂಬ ಪದ. "ತಾಯಿಯ ಬಳಿಗೆ ಮರಳುವುದು" ಎಂದು ಅದನ್ನು ಬಿಡಿಸುತ್ತಾರೆ. ಗಡಿಯ ಯುದ್ಧ ಮಾಡಿದವನೂ ಅವನೇ, ಈ ಮಾತು ಬರೆಸಿದವನೂ ಅವನೇ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿತವಳು ನಾನು. ಸಿಂಧೂ ಕಣಿವೆಯವರು ಯಾವ ಭಾಷೆ ಆಡುತ್ತಿದ್ದರು?
— ಕಾಲೇಜು ವಿದ್ಯಾರ್ಥಿನಿ, ತಾಳವಾಡಿ

ಅವರ ಲಿಪಿಯನ್ನು ಇನ್ನೂ ಯಾರೂ ಎಲ್ಲರೂ ಒಪ್ಪುವಂತೆ ಓದಿಲ್ಲ. ಸುಮಾರು 400 ಚಿಹ್ನೆಗಳು, ಒಂದೊಂದು ಬರಹದಲ್ಲಿ ಸರಾಸರಿ ಐದೇ ಐದು. ಅದು ದ್ರಾವಿಡ ಭಾಷೆ ಎಂದು ತೋರಿಸಲು ಐರಾವತಂ ಮಹಾದೇವನ್, ಆಸ್ಕೊ ಪಾರ್ಪೋಲರಂಥ ವಿದ್ವಾಂಸರು ಜೀವಮಾನವಿಡೀ ದುಡಿದರು. ಓದಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ನಿಮ್ಮ ತಮಿಳುನಾಡು ಸರಕಾರ 2025ರ ಜನವರಿಯಲ್ಲಿ ಘೋಷಿಸಿದೆ.

ನಿನಗೆ ಇಷ್ಟವಾಗುವ ಒಂದು ವಸ್ತು ಲೂವ್ರ್‌ನಲ್ಲಿದೆ. ಹೆಬ್ಬೆರಳಿನಷ್ಟು ಸಣ್ಣ ಉರುಳೆಯ ಮುದ್ರೆ, 4,000 ವರ್ಷಕ್ಕೂ ಹಳೆಯದು. ಅದರ ಒಡೆಯನ ಹೆಸರು ಶು–ಇಲಿಶು, ಉದ್ಯೋಗ "ಮೆಲುಹ್ಹ ಭಾಷೆಯ ದುಭಾಷಿ" ಎಂದು ಕೊರೆದಿದೆ. ಮೆಲುಹ್ಹ ಎಂದರೆ ಸಿಂಧೂ ನಾಡು ಎಂದು ಹೆಚ್ಚಿನವರ ಅಭಿಪ್ರಾಯ. ಮುದ್ರೆಯಲ್ಲಿ ಮೇಕೆಯಂಥ ಪ್ರಾಣಿಯನ್ನು ಎತ್ತಿಕೊಂಡ ಒಬ್ಬ ಗಂಡಸು, ಹಿಂದೆ ಪಾತ್ರೆ ಹಿಡಿದ ಹೆಂಗಸು, ಕೂತಿರುವ ದೇವತೆಯ ಮುಂದೆ ಬರುತ್ತಿದ್ದಾರೆ. ಎರಡು ಭಾಷೆ ಬಲ್ಲವನಿಗೆ ಸ್ವಂತ ಮುದ್ರೆ ಇಟ್ಟುಕೊಳ್ಳುವಷ್ಟು ಅಂತಸ್ತು ಇತ್ತು. ಸಪ್ತಭಾಷೆಯ ಕಾಸರಗೋಡಿನಲ್ಲಿ ಕೂತು ಇದನ್ನು ಬರೆಯುವಾಗ ನನಗೆ ತುಂಬ ಸಂತೋಷವಾಗುತ್ತದೆ. ನಿನ್ನ ಎರಡನ್ನೂ ಬಿಡಬೇಡ.

ಮಾಷ್ಟ್ರೇ, ನಾನು ಬಾವಿ, ಸುರಂಗ ತೋಡುವವ. ಮೊಹೆಂಜೊದಾರೊದಲ್ಲಿ ಬಾವಿಗಳು ಜಾಸ್ತಿ ಅಂತ ಕೇಳಿದೆ. ಹೇಗೆ ಕಟ್ಟಿದ್ದರು?
— ಬದಿಯಡ್ಕ

ಆ ಊರಿನಲ್ಲಿ 700ಕ್ಕೂ ಮಿಕ್ಕಿ ಬಾವಿಗಳಿದ್ದಿರಬೇಕು ಎಂದು ಜರ್ಮನಿಯ ಮೈಕೆಲ್ ಯಾನ್ಸನ್ ಲೆಕ್ಕ ಹಾಕಿದ್ದಾರೆ. ನಮ್ಮ ಮುರಕಲ್ಲು ತೋಡಿದರೆ ತಾನಾಗಿ ನಿಲ್ಲುತ್ತದೆ. ಅಲ್ಲಿಯದು ಹೊಳೆ ತಂದು ಹಾಕಿದ ಮೆತ್ತನೆ ಮಣ್ಣು, ತಳದಿಂದಲೇ ಕಟ್ಟಿ ತರದಿದ್ದರೆ ಕುಸಿಯುತ್ತದೆ. ಗೋಡೆಯ ಇಟ್ಟಿಗೆ ದಪ್ಪ, ಅಗಲ, ಉದ್ದದಲ್ಲಿ 1:2:4ರ ಪ್ರಮಾಣ. ಬಾವಿಗೆ ಮಾತ್ರ ಬೇರೆ ಅಚ್ಚು. ಒಳಬದಿ ಸಣ್ಣ, ಹೊರಬದಿ ದೊಡ್ಡ, ಆಪಿನ (ಬೆಣೆಯ) ಹಾಗೆ. ಸುತ್ತಲೂ ಜೋಡಿಸಿದರೆ ಹೊರಗಿನ ಮಣ್ಣು ಒತ್ತಿದಷ್ಟೂ ಇಟ್ಟಿಗೆಗಳು ಒಂದಕ್ಕೊಂದು ಬಿಗಿಯುತ್ತವೆ, ಒಳಗೆ ಬೀಳಲು ದಾರಿಯೇ ಇಲ್ಲ. ಬೀದಿಯ ಮಟ್ಟ ಏರಿದ ಹಾಗೆ ಬಾವಿಕಟ್ಟೆಯನ್ನೂ ಸುತ್ತು ಸುತ್ತು ಏರಿಸುತ್ತಾ ಹೋದರು. ಈಗ ಸುತ್ತಲಿನ ಮಣ್ಣು ಅಗೆದು ತೆಗೆದ ಮೇಲೆ ಆ ಬಾವಿಗಳು ಗೋಪುರಗಳ ಹಾಗೆ ನೆಲದ ಮೇಲೆ ಎದ್ದು ನಿಂತಿವೆ. ಕೆಲವು ಬಾವಿಕಟ್ಟೆಗಳ ಅಂಚಿನಲ್ಲಿ ಹಗ್ಗ ಎಳೆದೆಳೆದು ಸವೆದ ಗೀರುಗಳಿವೆ. ನಮ್ಮ ಮನೆಯ ಹಳೆ ಬಾವಿಯ ದಂಡೆಯಲ್ಲೂ ಅಂಥದ್ದೇ ನಾಲ್ಕು ಗೀರುಗಳಿವೆ. ಅಜ್ಜಿಯ ಕೈಯವು ಎರಡು ಇರಬಹುದು.

ನನ್ನದೊಂದು ಪ್ರಶ್ನೆ ನಿಮಗೆ. ಸಡಿಲ ಮಣ್ಣು ಸಿಕ್ಕಿದ ಬಾವಿಗೆ ಕೆಂಪುಕಲ್ಲು ಕಟ್ಟುವಾಗ ನೀವೂ ಕಲ್ಲಿನ ಒಳಬದಿಯನ್ನು ಕೆತ್ತಿ ಸಣ್ಣದು ಮಾಡುತ್ತೀರಲ್ಲ, ಎಷ್ಟು ಕೆತ್ತಬೇಕೆಂದು ಹೇಗೆ ತಿಳಿಯುತ್ತೀರಿ? ದಾರ ಹಿಡಿದೋ, ಬರೇ ಕಣ್ಣಳತೆಯಲ್ಲೋ? ಬರೆದು ತಿಳಿಸಿ, ಮುಂದಿನ ತಿಂಗಳು ಅದನ್ನೇ ಮೊದಲು ಹಾಕುತ್ತೇನೆ.